ಒಂದೇ ಕೈಯ ಎರಡು ಕಾರುಗಳು



ಕಳೆದ ಭಾನುವಾರ ಸಂಘದ ಕಾರ್ಯಕ್ರಮ ಮುಗಿದು ಚಹಾ ಕುಡಿಯುತ್ತಿದ್ದಾಗ ಇಬ್ಬರು ಹುಡುಗರ ನಡುವೆ ಜೋರು ವಾದ ನಡೆದಿತ್ತು. ಒಬ್ಬನಿಗೆ ಇಟಲಿಯ ಫೆರಾರಿಯೊಂದೇ ಕಾರು, ಉಳಿದದ್ದೆಲ್ಲ ತಗಡು. ಇನ್ನೊಬ್ಬ ಫ್ರಾನ್ಸಿನ ಪ್ಯೂಜೋ 406 ಕೂಪೆಯ ಪರ. "ಅಂಕಲ್, ನೀವೇ ತೀರ್ಪು ಹೇಳಿ" ಎಂದರು.

1992ರಲ್ಲಿ ಬಂದ ಫೆರಾರಿ 456ಕ್ಕೆ ಹನ್ನೆರಡು ಸಿಲಿಂಡರಿನ ಐದೂವರೆ ಲೀಟರ್ ಎಂಜಿನ್, ಸುಮಾರು 440 ಅಶ್ವಶಕ್ತಿ, ಗಂಟೆಗೆ 300 ಕಿ.ಮೀ. ವೇಗ. 1996ರ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಪ್ಯೂಜೋ ಕೂಪೆಯ ದೊಡ್ಡ ಎಂಜಿನ್ ಆರು ಸಿಲಿಂಡರಿನದು, ಮೂರು ಲೀಟರಿನದು. ಶಕ್ತಿ ಅದರ ಅರ್ಧಕ್ಕಿಂತ ಕಡಿಮೆ. ಬೆಲೆಯಂತೂ ಎಷ್ಟೋ ಪಟ್ಟು ಕಡಿಮೆ. ಆದರೆ ಎರಡರ ರೂಪವನ್ನೂ ಬರೆದದ್ದು ಇಟಲಿಯ ಟೂರಿನ್ ನಗರದ ಪಿನಿನ್‌ಫರೀನಾ ಸಂಸ್ಥೆಯೇ! ಪ್ಯೂಜೋ ಕೂಪೆ ತಯಾರಾದದ್ದು ಕೂಡ ಅವರ ಕಾರ್ಖಾನೆಯಲ್ಲಿ. ಫೆರಾರಿ 456 ಮೂರು ಸಾವಿರದಷ್ಟು ಜನರಿಗೆ ದಕ್ಕಿದರೆ, ಪ್ಯೂಜೋ ಕೂಪೆ ಒಂದು ಲಕ್ಷಕ್ಕೂ ಹೆಚ್ಚು ಜನರ ಮನೆ ಸೇರಿತು.

ಇದರಲ್ಲಿ ನಮ್ಮ ಮುಂಬಯಿಗೂ ಪಾಲಿದೆ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ ತಯಾರಾಗಿ ಪದ್ಮಿನಿ ಎನಿಸಿತು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ನಿಮ್ಮ ಅಪ್ಪ-ಅಮ್ಮಂದಿರನ್ನು ಹೊತ್ತು ತಿರುಗಿ, 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತಿಯಾಯಿತು. ಕಲ್ಯಾಣದಲ್ಲಿ 1994ರಿಂದ ಕೆಲವು ವರ್ಷ ಪ್ಯೂಜೋ 309 ತಯಾರಾಗಿತ್ತು. 2015ರಲ್ಲಿ ಪಿನಿನ್‌ಫರೀನಾವನ್ನೇ ಕೊಳ್ಳಲು ಮುಂದಾದದ್ದು ನಮ್ಮೂರಿನ ಮಹೀಂದ್ರ ಸಮೂಹ.

"ಹಾಗಾದರೆ ಗೆದ್ದವರು ಯಾರು?" ಎಂದ ಒಬ್ಬ. ಬಾಂದ್ರಾ-ವರ್ಲಿ ಸೀ ಲಿಂಕಿನಲ್ಲೂ ವೇಗದ ಮಿತಿ ಗಂಟೆಗೆ 80 ಕಿ.ಮೀ. ಸಂಜೆ ಆರಕ್ಕೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಎರಡೂ ಬೆಸ್ಟ್ ಬಸ್ಸಿನ ಹಿಂದೆಯೇ ನಿಲ್ಲಬೇಕು. ನನ್ನ ಮತ ಪ್ಯೂಜೋಗೆ ಎಂದೆ.

ಹೊರಡುವಾಗ ಫೆರಾರಿಯ ಹುಡುಗ ನನ್ನನ್ನು ಪಕ್ಕಕ್ಕೆ ಕರೆದ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಹಳೆಯದೊಂದು ವಿದೇಶಿ ಕಾರಿಗೆ 20 ಲಕ್ಷ ಸಾಲ ತೆಗೆಯಲಿದ್ದಾನೆ, ಜಾಮೀನಿಗೆ ಅಪ್ಪನ ಸಹಿ ಬೇಕು. ಅವನ ಅಪ್ಪ ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಡೊಂಬಿವಲಿಯಲ್ಲಿ ಮನೆ ಮಾಡಿದವರು. ಮಗ ಕೇಳಿದರೆ ಇಲ್ಲ ಎನ್ನಲಾರರು.

ಚಹಾದ ಬಟ್ಟಲು ಬದಿಗಿಟ್ಟು ಇಬ್ಬರೂ ಲೆಕ್ಕ ಹಾಕಿದೆವು. ಶೇಕಡಾ 9ರ ಬಡ್ಡಿಯಲ್ಲಿ ಏಳು ವರ್ಷ, ತಿಂಗಳಿಗೆ ಸುಮಾರು 32 ಸಾವಿರ ರೂಪಾಯಿ. ಬಡ್ಡಿಯೇ ಏಳು ಲಕ್ಷ. ವಿಮೆ, ಪೆಟ್ರೋಲು, ಪಾರ್ಕಿಂಗ್ ಬೇರೆ. ಒಂದು ಕಂತು ತಪ್ಪಿದರೆ ಬ್ಯಾಂಕಿನವರು ಮೊದಲು ತಟ್ಟುವುದು ಯಾರ ಬಾಗಿಲು? ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, "ಅಪ್ಪನಿಗೆ ಈ ಲೆಕ್ಕ ತೋರಿಸಿಲ್ಲ ಅಂಕಲ್" ಎಂದ.

ಮಿತ್ರರೇ, ಚೆಂದದ ಕಾರಿನ ಆಸೆ ತಪ್ಪಲ್ಲ. ಆದರೆ ಸಹಿ ಕೇಳುವ ಮುನ್ನ ಲೆಕ್ಕದ ಹಾಳೆಯನ್ನು ಅಪ್ಪನ ಮುಂದಿಡಿ.