ಹೆಸರಿನ ಬೆನ್ನು ಹತ್ತಿ: ಅಮೆಜಾನ್

ಅಮೆಜಾನ್ ಎಂದೊಡನೆ ಮಕ್ಕಳಿಗೆ ಬಾಗಿಲಿಗೆ ಬರುವ ರಟ್ಟಿನ ಪೆಟ್ಟಿಗೆ ನೆನಪಾಗುತ್ತದೆ. ಹಿರಿಯರಿಗೆ ಭೂಗೋಳದಲ್ಲಿ ಓದಿದ ಮಹಾನದಿ. ಆದರೆ ಈ ಹೆಸರಿನ ಮೊದಲ ಒಡತಿಯರು ಗ್ರೀಕ್ ಪುರಾಣದ ವೀರವನಿತೆಯರು. ಈ ಸಲ ಅವರ ವಿಚಾರವನ್ನಷ್ಟು ನೋಡೋಣ.

ಕಪ್ಪು ಸಮುದ್ರದ ದಕ್ಷಿಣ ತೀರದಲ್ಲಿ, ಇಂದಿನ ತುರ್ಕಿಯಲ್ಲಿ, ಇವರ ರಾಜ್ಯವಿತ್ತೆಂದು ಗ್ರೀಕರು ನಂಬಿದ್ದರು. ರಾಣಿ ಹಿಪ್ಪೊಲಿಟೆಯ ನಡುಪಟ್ಟಿಯನ್ನು ಹೆರಾಕ್ಲಿಸ್ ಅಪಹರಿಸಿದನು. ಟ್ರಾಯ್ ಯುದ್ಧದಲ್ಲಿ ಪೆಂಥೆಸಿಲಿಯಾ ಅಕಿಲಿಸನ ಕೈಯಲ್ಲಿ ಮಡಿದಳು. ಎಲ್ಲಿ ನೋಡಿದರೂ ಗ್ರೀಕ್ ವೀರನಿಗೇ ಜಯ. ಕಥೆ ಹೇಳಿದವರು ಗ್ರೀಕರಲ್ಲವೆ?

ಹೆಸರಿಗೆ ಅರ್ಥ ಕಟ್ಟಿದವರೂ ಅವರೇ. ಗ್ರೀಕಿನಲ್ಲಿ 'ಅ' ಎಂದರೆ ಇಲ್ಲ, ನಮ್ಮ 'ಅಜ್ಞಾನ', 'ಅಶಕ್ತ'ಗಳಲ್ಲಿರುವಂತೆಯೇ. 'ಮಜೋಸ್' ಎಂದರೆ ಸ್ತನ. ಬಿಲ್ಲೆಳೆಯಲು ಅಡ್ಡಿಯಾಗದಿರಲೆಂದು ಇವರು ಬಲಸ್ತನವನ್ನು ಸುಡಿಸಿಕೊಳ್ಳುತ್ತಿದ್ದರೆಂಬ ಕಥೆ ಹುಟ್ಟಿದ್ದು ಹೀಗೆ. ಆದರೆ ಗ್ರೀಕರದೇ ಚಿತ್ರಗಳಲ್ಲಿ, ಶಿಲ್ಪಗಳಲ್ಲಿ ಇವರು ಪೂರ್ಣಾಂಗಿಯರು! ಪದವೇ ಗ್ರೀಕ್ ಮೂಲದ್ದಲ್ಲವೆಂಬುದು ಇಂದಿನ ವಿದ್ವಾಂಸರ ಮತ. ಪರಭಾಷೆಯ ಪದವನ್ನು ತಮ್ಮ ಭಾಷೆಯಿಂದ ಬಿಡಿಸಹೋಗಿ, ಇಲ್ಲದ ಗಾಯವನ್ನು ಒಂದು ಕುಲಕ್ಕೇ ಅಂಟಿಸಿದಂತಾಯಿತು.

ನಮಗೆ ಹೆಚ್ಚು ಹಿಡಿಸುವುದು ಕ್ರಿ. ಪೂ. 5ನೆಯ ಶತಮಾನದ ಹೆರೊಡೋಟಸ್ ಹೇಳುವ ಕಥೆ. ಸೆರೆಸಿಕ್ಕ ಅಮೆಜಾನರು ಹಡಗಿನ ಗ್ರೀಕರನ್ನು ಕೊಂದರು; ಹಡಗು ನಡೆಸಲರಿಯದೆ ತೇಲುತ್ತ ಸಿಥಿಯರ ನಾಡಿಗೆ ಬಂದರು; ಅಲ್ಲಿಯ ತರುಣರ ಕೈಹಿಡಿದರು. ಗಂಡಂದಿರು ತಮ್ಮ ಮನೆಗೆ ಕರೆದಾಗ, ಬಂಡಿಯೊಳಗೆ ಕುಳಿತು ಮನೆಗೆಲಸ ಮಾಡುವ ನಿಮ್ಮ ಹೆಂಗಸರೊಡನೆ ನಮಗೆ ಹೊಂದದು, ನಾವು ಕುದುರೆ ಏರಿ ಬಿಲ್ಲು ಹಿಡಿಯುವವರು ಎಂದುಬಿಟ್ಟರು. ಕೊನೆಗೆ ಎಲ್ಲರೂ ಡಾನ್ ನದಿಯನ್ನು ದಾಟಿ ಹೊಸ ಬಯಲಿನಲ್ಲಿ ಮನೆ ಹೂಡಿದರು. ಗಂಡಂದಿರಿಗೆ ಹೆಂಡಿರ ಭಾಷೆ ಬರಲೇ ಇಲ್ಲ. ಹೆಂಡಿರು ಗಂಡಂದಿರ ಭಾಷೆ ಕಲಿತರು, ಆದರೆ ಅರೆಬರೆ. ಆದ್ದರಿಂದಲೇ ಇವರ ಸಂತತಿಯವರು ತಪ್ಪು ತಪ್ಪಾಗಿ ಸಿಥಿಯನ್ ಆಡುತ್ತಾರಂತೆ! ನಮ್ಮ ಮಕ್ಕಳ ಕನ್ನಡವನ್ನು ದಿನವೂ ಕೇಳುವ ವಾಚಕರು ಇಲ್ಲಿ ನಗದಿರಲಾರರು.

ಇದೆಲ್ಲ ಬರಿಯ ಕಟ್ಟುಕಥೆಯಲ್ಲ. ಆ ಬಯಲುಗಳಲ್ಲಿ ಆಯುಧಗಳೊಡನೆ ಹೂಳಿದ ಸ್ತ್ರೀಯರ ಸಮಾಧಿಗಳು ಎಷ್ಟೋ ದೊರೆತಿವೆ. 2019ರಲ್ಲಿ ರಷ್ಯದ ವೊರೊನೆಷ್ ಪ್ರಾಂತದ ಉತ್ಖನನವೊಂದರ ಸುದ್ದಿ ಹೊರಬಂದಿತು: ಕ್ರಿ. ಪೂ. 4ನೆಯ ಶತಮಾನದ ಒಂದೇ ಸಮಾಧಿಯಲ್ಲಿ ನಾಲ್ವರು ಸ್ತ್ರೀಯರು, ಜೊತೆಗೆ ಈಟಿ, ಬಾಣದ ಮೊನೆಗಳು. ಹಿರಿಯಳಿಗೆ 45-50ರ ವಯಸ್ಸು, ತಲೆಗೆ ಚಿನ್ನದ ಶಿರೋಭೂಷಣ; ಕಿರಿಯಳಿಗೆ 12-13. ಯಾರ ಎದೆಯನ್ನೂ ಸುಡದೆಯೇ ಬಿಲ್ವಿದ್ಯೆ ಅಜ್ಜಿಯಿಂದ ಮೊಮ್ಮಗಳ ಪೀಳಿಗೆಗೆ ಸಾಗಿದ್ದೀತು.

ಹೆಸರು ಮಾತ್ರ ಲೋಕವನ್ನೇ ಸುತ್ತಿತು. 1542ರಲ್ಲಿ ಸ್ಪೇನಿನ ಒರೆಯಾನನ ತಂಡ ದಕ್ಷಿಣ ಅಮೆರಿಕದ ನದಿಯಲ್ಲಿ ಸಾಗುವಾಗ ಹೆಂಗಸರು ತಮ್ಮೊಡನೆ ಕಾದಿದರೆಂದು ಸಂಗಡವಿದ್ದ ಪಾದ್ರಿ ಬರೆದಿಟ್ಟನು. ನದಿ ಅಮೆಜಾನ್ ಆಯಿತು. 1995ರಲ್ಲಿ ಪುಸ್ತಕ ಮಾರಲು ತೊಡಗಿದ ಅಮೆರಿಕದ ವ್ಯಾಪಾರಿಯೊಬ್ಬನು ಆ ನದಿಯ ಹಿರಿಮೆಗೆ ಮಾರುಹೋಗಿ ಅದರ ಹೆಸರನ್ನೇ ತನ್ನ ಅಂಗಡಿಗಿಟ್ಟನು.

ಮನೆಯ ಹೆಣ್ಣುಮಕ್ಕಳು ಈ ಹೆಸರಿನ ಅರ್ಥ ಕೇಳಿದರೆ, ಸುಟ್ಟ ಎದೆಯ ಕಥೆ ಬೇಡ. ಆ ಹನ್ನೆರಡರ ಹುಡುಗಿಯ ಪಕ್ಕದಲ್ಲಿದ್ದ ಬಾಣದ ಮೊನೆಗಳ ಮಾತನ್ನು ಹೇಳೋಣ.