ಕನ್ನಡದ ಕೂಸುಗಳ ಹೊಸ ಹೆಸರುಗಳು

ಈಗ ನಮ್ಮ ನಾಡಿನ ಯಾವ ಪಟ್ಟಣದ ಶಿಶುವಿಹಾರದ ಮುಂದೆ ನಿಂತು ಹಾಜರಿ ಕೂಗುವುದನ್ನು ಕೇಳಿದರೂ ಆರವ್, ವಿಹಾನ್, ಅದ್ವಿಕ್, ರೇಯಾಂಶ್, ಆದ್ಯಾ, ಅನ್ವಿ, ಅನಿಕಾ ಎಂಬ ಹೆಸರುಗಳೇ ಒಂದರ ಬೆನ್ನಿಗೊಂದು ಕಿವಿಗೆ ಬೀಳುವುವು. ಹೆಸರುಗಳು ಇಂಪಾಗಿವೆ, ಅದರಲ್ಲಿ ನಮಗೆ ವಿವಾದವಿಲ್ಲ. ಆದರೆ ಕಣ್ಣು ಮುಚ್ಚಿ ಕೇಳಿದವನಿಗೆ ತಾನು ಬಳ್ಳಾರಿಯಲ್ಲಿರುವೆನೋ ಭೋಪಾಳದಲ್ಲಿರುವೆನೋ ತಿಳಿಯಲಾರದು. ಇದೊಂದನ್ನೇ ವಾಚಕರ ಮುಂದಿಡಬೇಕೆಂದು ನಾವು ಲೇಖನಿಯನ್ನು ಹಿಡಿದಿರುವೆವು.

ನಮ್ಮ ಹಿಂದಿನ ತಲೆಮಾರಿನವರ ಹೆಸರುಗಳನ್ನು ಸ್ವಲ್ಪ ನೆನೆದು ನೋಡಿರಿ. ಕೊಟ್ರೇಶನೆಂದೊಡನೆ ಕೊಟ್ಟೂರಿನ ಸೀಮೆ ಕಣ್ಣಿಗೆ ಕಟ್ಟುವುದು. ಮಾಲತೇಶನೆಂದರೆ ದೇವರಗುಡ್ಡ, ತಿಪ್ಪೇಸ್ವಾಮಿಯೆಂದರೆ ನಾಯಕನಹಟ್ಟಿ, ಗವಿಸಿದ್ಧಪ್ಪನೆಂದರೆ ಕೊಪ್ಪಳ, ಪಂಪಾಪತಿಯೆಂದರೆ ಹಂಪೆ, ಹುಲಿಗೆಮ್ಮನೆಂದರೆ ತುಂಗಭದ್ರೆಯ ದಂಡೆಯ ಹುಲಿಗಿ. ಮಾದೇಶ, ಮಾದಮ್ಮರು ಮಲೆಯ ಮಹದೇಶ್ವರನ ಒಕ್ಕಲಿನವರು; ಚೆಲುವರಾಯ, ಚೆಲುವಮ್ಮರು ಮೇಲುಕೋಟೆಯ ಕಡೆಯವರು; ನಂಜಪ್ಪ, ನಂಜಮ್ಮರಿಗೆ ನಂಜನಗೂಡು ಮೂಲ. ಭೂಗೋಳದ ಪಾಠವನ್ನು ಓದದ ಮುದುಕಿಯೂ ಹೆಸರು ಕೇಳಿದ ಮಾತ್ರಕ್ಕೆ “ನೀವು ಇಂಥ ಕಡೆಯವರೇನಪ್ಪ?” ಎಂದು ಕೇಳಬಲ್ಲವಳಾಗಿದ್ದಳು. ಅಷ್ಟೇಕೆ, ಉತ್ತರದ ಜಿಲ್ಲೆಗಳಲ್ಲಿ ಹಿಂದೂ ಮನೆತನಗಳಲ್ಲಿಯೇ ಫಕೀರಪ್ಪ, ಹುಸೇನಪ್ಪ ಎಂಬ ಹೆಸರುಗಳು ಧಾರಾಳವಾಗಿ ಉಂಟು. ಶಿರಹಟ್ಟಿಯ ಫಕೀರೇಶ್ವರನಿಗೋ ಮೊಹರಮ್ಮಿನ ಅಲಾಯಿದೇವರಿಗೋ ಹರಕೆ ಹೊತ್ತ ತಾಯಿ ಕೂಸಿಗೆ ಆ ಹೆಸರಿಟ್ಟಳು. ಜಾತಿಮತಗಳ ಸೌಹಾರ್ದವನ್ನು ಕುರಿತು ಭಾಷಣ ಮಾಡಲು ಆಕೆಗೆ ಬರುತ್ತಿರಲಿಲ್ಲ. ಇಂತಹ ಹೆಸರೊಂದು ಹಾಜರಿಪಟ್ಟಿಯಿಂದ ಹೊರಟುಹೋದರೆ ಅದರ ಹಿಂದಿನ ಕಥೆಯನ್ನು ಕೇಳುವ ಪ್ರಸಂಗವೇ ಮುಂದೆ ಬರಲಾರದು.

ಇನ್ನೊಂದು ವಿಶೇಷವುಂಟು. ಅಪ್ಪ, ಅಮ್ಮ, ಅವ್ವ, ಅಕ್ಕ, ಅಣ್ಣ, ಅಯ್ಯ ಎಂಬ ಬಂಧುವಾಚಕಗಳನ್ನು ಹೆಸರಿನ ತುದಿಗೆ ಸೇರಿಸುವುದು ಕನ್ನಡದ ಹಳೆಯ ವಾಡಿಕೆ. ಹನ್ನೆರಡನೆಯ ಶತಮಾನದ ಬಸವಣ್ಣನೂ ಅಕ್ಕಮಹಾದೇವಿಯೂ ನಮಗೆ ಅಣ್ಣ ಅಕ್ಕಂದಿರಾಗಿಯೇ ಉಳಿದಿರುವರು. ಹುಟ್ಟಿ ಹನ್ನೆರಡು ದಿನವಾದ, ಇನ್ನೂ ಕತ್ತು ನಿಲ್ಲದ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ‘ಅಪ್ಪ’ ಎಂದೂ ‘ಅವ್ವ’ ಎಂದೂ ಕರೆಯುವ ಜನರು ನಾವು! ಸ್ವರದಲ್ಲಿ ಮುಗಿಯುವ ಹೆಸರಿಗೆ ಈ ಪದಗಳು ಸಲೀಸಾಗಿ ಹತ್ತುವುವು. ಹೊಸ ಹೆಸರುಗಳಾದರೋ ಹಿಂದಿಯ ಉಚ್ಚಾರವನ್ನು ಅನುಸರಿಸಿ ವ್ಯಂಜನದಲ್ಲಿ ತಟ್ಟನೆ ನಿಂತುಬಿಡುತ್ತವೆ. ವಿಹಾನಪ್ಪ, ಅದ್ವಿಕಯ್ಯ ಎಂದು ಕರೆದು ನೋಡಿರಿ, ನಗೆ ಬರುವುದು. ರಮೇಶ್, ಸುರೇಶ್ ಎಂದು ನಮ್ಮ ತಂದೆಗಳ ಕಾಲದಲ್ಲಿಯೇ ಈ ಮೊಟಕು ಆರಂಭವಾಯಿತೆಂಬುದನ್ನು ಒಪ್ಪಲೇಬೇಕು. ಆದರೂ ರಮೇಶನು ಮನೆಯಲ್ಲಿ ರಮೇಶಣ್ಣನಾಗಬಲ್ಲವನಾಗಿದ್ದನು.

ಹಾಗಾದರೆ ಹಳೆಯವೆಲ್ಲ ಒಳ್ಳೆಯವೋ? ಹಾಗೆ ನಾವು ಸರ್ವಥಾ ಹೇಳುವುದಿಲ್ಲ. ಕರಿಯ, ಕೆಂಚ, ಗುಂಡ, ತಿಪ್ಪ ಎಂಬ ಹೆಸರುಗಳನ್ನು ಕೆಲವು ಮನೆಗಳಲ್ಲಿ ಮಗು ಉಳಿಯಲೆಂಬ ಹರಕೆಯಿಂದ ಇಟ್ಟದ್ದುಂಟು. ಆದರೆ ಮೇಲುಜಾತಿಯ ಹೆಸರನ್ನು ಇಟ್ಟುಕೊಳ್ಳುವ ಧೈರ್ಯ ಬಡವನಿಗೆ ಇರಲಿಲ್ಲವೆಂಬ ಕಾರಣದಿಂದ ಇಟ್ಟದ್ದೂ ಉಂಟು. ನೆರೆಯ ಸಾತಾರಾ ಜಿಲ್ಲೆಯಲ್ಲಿ ‘ಬೇಡದವಳು’ ಎಂಬರ್ಥದ ‘ನಕೋಶಿ’ ಎಂಬ ಹೆಸರನ್ನು ಹೊತ್ತಿದ್ದ ಇನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ 2011ರಲ್ಲಿ ಸಮಾರಂಭವನ್ನು ಏರ್ಪಡಿಸಿ ಹೊಸ ಹೆಸರುಗಳನ್ನಿಟ್ಟರು. ಕೂಲಿಯವನು ತನ್ನ ಮಗನಿಗೆ ಆರವನೆಂದು ಹೆಸರಿಟ್ಟು ತಲೆಯೆತ್ತಿ ನಡೆದರೆ ಅದು ಅವನ ಹಕ್ಕು. ಅದನ್ನು ಕಂಡು ಮೂಗು ಮುರಿಯುವ ಪಂಡಿತನ ಪಕ್ಷವನ್ನು ನಾವು ಎಂದಿಗೂ ವಹಿಸಲಾರೆವು. ಕನ್ನಡದಲ್ಲಿ ‘ಹೆಸರಿಡುವುದು’ ಎಂದರೆ ದೂಷಿಸುವುದೆಂಬ ಅರ್ಥವೂ ಉಂಟಷ್ಟೆ. ಪರರ ಮಕ್ಕಳಿಗೆ ಆ ಎರಡನೆಯ ಅರ್ಥದಲ್ಲಿ ಹೆಸರಿಡುವುದು ನಮ್ಮ ಉದ್ದೇಶವಲ್ಲ.

ನಮ್ಮ ಆಕ್ಷೇಪಣೆಯಿರುವುದು ಹೊಸತನದ ಮೇಲಲ್ಲ, ಆರಿಸುವ ರೀತಿಯ ಮೇಲೆ. ಜೋಯಿಸರು ನಕ್ಷತ್ರಪಾದವನ್ನು ನೋಡಿ ಒಂದು ಅಕ್ಷರವನ್ನು ಹೇಳುವರು. ತಂದೆಯು ಮೊಬೈಲಿನಲ್ಲಿ ಆ ಅಕ್ಷರದ ಪಟ್ಟಿಯನ್ನು ತೆರೆದು, ಹಿಂದೆ ಕೇಳದ ಹೆಸರೊಂದನ್ನು ಎತ್ತಿಕೊಳ್ಳುವನು. ಎಲ್ಲರೂ ಅದೇ ಪಟ್ಟಿಯನ್ನು ತೆರೆಯುವುದರಿಂದ ಆ ಅಪೂರ್ವವಾದ ಹೆಸರು ಒಂದೇ ತರಗತಿಯಲ್ಲಿ ಮೂವರಿಗೆ ಬರುವುದು! ಹಿಂದೆ ನಕ್ಷತ್ರನಾಮವು ಬೇರೆ, ವ್ಯವಹಾರದ ಹೆಸರು ಬೇರೆ ಇದ್ದವು. ಅಕ್ಷರದ ನಿರ್ಬಂಧವು ಮೊದಲನೆಯದಕ್ಕೆ ಮಾತ್ರ. ಆರ್ದ್ರಾ ನಕ್ಷತ್ರಕ್ಕೆ ಹೇಳಿದ ಅಕ್ಷರಗಳಲ್ಲಿ ‘ಙ’ ಎಂಬುದೂ ಒಂದು. ಅದರಿಂದ ಆರಂಭವಾಗುವ ಹೆಸರನ್ನು ಯಾವ ಜೋಯಿಸರೂ ತೋರಿಸಿಕೊಟ್ಟದ್ದನ್ನು ನಾವು ಕೇಳಿಲ್ಲ. ಪಟ್ಟಿಗಳು ಕೊಡುವ ಅರ್ಥಗಳಾದರೂ ನೆಚ್ಚತಕ್ಕವುಗಳೇ? ‘ಆರವ’ವೆಂದರೆ ಶಾಂತನೆಂದು ಬರೆದಿರುತ್ತಾರೆ, ಸಂಸ್ಕೃತ ಕೋಶವನ್ನು ತೆರೆದರೆ ಕೂಗು, ಗದ್ದಲ ಎಂದಿದೆ. ಎಳೆಯ ಮಕ್ಕಳ ಮನೆಯವರು ಕೋಶದ ಅರ್ಥವೇ ಸರಿಯೆಂದು ಸಾಕ್ಷಿ ನುಡಿದಾರು.

ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ತನ್ನ ಮಕ್ಕಳಿಗೆ ಹೆಸರಿಟ್ಟ ಬಗೆಯನ್ನು ಉಪಾಧ್ಯಾಯರಾದ ವಾಚಕರು ಬಲ್ಲರು. ತನ್ನನ್ನು ಪೊರೆದ ಚಾವುಂಡರಾಯನ ನೆನಪಿಗೆ ಮಗನು ರಾಯನಾದನು. ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ ಮಗಳು ಅತ್ತಿಮಬ್ಬೆಯಾದಳು. ಋಣವನ್ನು ತೀರಿಸಲು ಕವಿಗೆ ಕಾವ್ಯವೊಂದೇ ಸಾಲದೆ ಹೋಯಿತು. ಈ ಬುದ್ಧಿ ನಮ್ಮವರಲ್ಲಿ ಸತ್ತಿಲ್ಲ. 2021ರ ಅಕ್ಟೋಬರ 29ರಂದು ಪುನೀತ ರಾಜಕುಮಾರರು ತೀರಿಕೊಂಡ ಮೇಲೆ ಹುಟ್ಟಿದ ಗಂಡುಕೂಸಿಗೆ ಪುನೀತನೆಂದು ಹೆಸರಿಟ್ಟ ಮನೆಗಳುಂಟು. ಆ ಬಾಲಕನು ಮುಂದೆ ‘ನನಗೇಕೆ ಈ ಹೆಸರು?’ ಎಂದು ಕೇಳಿದರೆ ತಾಯಿಗೆ ಹೇಳಲು ಮಾತಿರುವುದು. ಏಕೀಕೃತವಾದ ನಾಡಿಗೆ ಕರ್ನಾಟಕವೆಂಬ ಹೆಸರು ಬರಲು 1956ರಿಂದ 1973ರವರೆಗೆ ಹದಿನೇಳು ವರ್ಷ ಚರ್ಚಿಸಿದ ಜನರು, ಸ್ವಂತ ಮಗುವಿನ ಹೆಸರಿಗೆ ಅರ್ಧ ಗಳಿಗೆಯನ್ನೂ ಕೊಡಲೊಲ್ಲರೆಂದರೆ ಸೋಜಿಗವಲ್ಲವೇ?

ಉಪಾಧ್ಯಾಯ ಬಂಧುಗಳಿಗೆ ಒಂದು ಬಿನ್ನಹ. ಈ ಹೆಸರುಗಳು ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ ಹುಟ್ಟಿ, ಆಮೇಲೆ ಕನ್ನಡಕ್ಕೆ ಇಳಿಯುತ್ತವೆ. ಒಂದೇ ಹುಡುಗಿಯು ಒಂದು ಕಾಗದದಲ್ಲಿ ಆದ್ಯಾ, ಇನ್ನೊಂದರಲ್ಲಿ ಆಧ್ಯ, ಮತ್ತೊಂದರಲ್ಲಿ ಆಢ್ಯ. ಮೊದಲನೆಯದು ಆದಿಶಕ್ತಿ, ಕೊನೆಯದು ಸಿರಿವಂತೆ, ನಡುವಿನದಕ್ಕೆ ಅರ್ಥವೇ ಇಲ್ಲ. ದಾಖಲೆಗೆ ಬರೆಯುವ ಮುನ್ನ ತಾಯಿತಂದೆಗಳಿಂದ ಕನ್ನಡದಲ್ಲಿ ಬರೆಯಿಸಿಕೊಳ್ಳಿರಿ. ಹಿಂದೆ ಶಾಲೆಯ ದಾಖಲೆಯಲ್ಲಿ ಹೆಸರನ್ನು ನೇರ್ಪಡಿಸಲು ಗುರುಗಳಿಗೆ ಅವಕಾಶವಿತ್ತು. ಈಗ ಅದು ಇಲ್ಲವೆಂದೇ ಹೇಳಬೇಕು. 2023ರ ಅಕ್ಟೋಬರ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇರೆಗೆ, ಅಂದಿನಿಂದೀಚೆಗೆ ಹುಟ್ಟಿದವರ ಶಾಲಾಪ್ರವೇಶ, ಮತದಾರರ ಪಟ್ಟಿ, ಸರಕಾರಿ ನೌಕರಿ ಮುಂತಾದವುಗಳಿಗೆ ಹುಟ್ಟಿದ ದಿನವನ್ನೂ ಸ್ಥಳವನ್ನೂ ಸಿದ್ಧಪಡಿಸಲು ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ಬರೆದ ಹೆಸರು ಕೊನೆಯವರೆಗೆ ಬೆನ್ನು ಹತ್ತುವುದು.

ಆದರೆ ಅವಸರಕ್ಕೆ ಕಾಯಿದೆಯು ಕಾರಣವಲ್ಲ. 1969ರ ಜನನ ಮರಣ ನೋಂದಣಿ ಅಧಿನಿಯಮದ 14ನೆಯ ಕಲಮಿನಂತೆ ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಬಹುದು. ನಿಯಮಗಳ ಮೇರೆಗೆ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆಯೂ, ಆಮೇಲೆ ಹದಿನೈದು ವರ್ಷಗಳವರೆಗೆ ಶುಲ್ಕ ಕೊಟ್ಟೂ ಹೆಸರನ್ನು ಸೇರಿಸಲು ಬರುತ್ತದೆ. ಆಸ್ಪತ್ರೆಯಿಂದ ಹೊರಡುವ ದಿನವೇ ಏನನ್ನಾದರೂ ಬರೆಯಿಸಬೇಕೆಂಬ ಬಲವಂತವಿಲ್ಲ. ಬಾಣಂತಿಯು ತವರಿನಲ್ಲಿರುವಷ್ಟು ದಿನ ಮನೆಯ ಅಜ್ಜಿಯನ್ನು ಕೂರಿಸಿಕೊಂಡು ಆಕೆಯ ತಾಯಿಯ ಹೆಸರೇನು, ಅತ್ತೆಯ ಹೆಸರೇನು, ಯಾವ ಗುಡ್ಡದ ದೇವರಿಗೆ ಒಕ್ಕಲು, ಬರಗಾಲದಲ್ಲಿ ಕಾಳು ಕೊಟ್ಟವರಾರು ಎಂದು ವಿಚಾರಿಸಲು ಅದು ಬೇಕಾದಷ್ಟು ವೇಳೆ.