ಹೇಳಿಕೆ ಬರೆದುಕೊಳ್ಳುವವರು ಯಾರು?

ಬಸ್ಸಿನಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ನಮ್ಮಲ್ಲಿ ಅನೇಕ ಹುಡುಗಿಯರು ಮನೆಯಲ್ಲಿ ಹೇಳುವುದೇ ಇಲ್ಲ. ಹೇಳಿದರೆ ಕಾಲೇಜು ಬಿಡಿಸುತ್ತಾರೆ ಎಂಬ ಭಯ. ತಪ್ಪು ಮಾಡಿದವನು ಮಾತ್ರ ಮರುದಿನವೂ ಅದೇ ಬಸ್ಸು ಹತ್ತುತ್ತಾನೆ. ಇದು ಯಾವ ನ್ಯಾಯ?

ಪೊಲೀಸ್ ಠಾಣೆ ಎಂದರೆ ಇನ್ನೂ ಭಯ. ಆದರೆ ಪಿಯುಸಿಯಲ್ಲಿರುವ ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. ಲೈಂಗಿಕ ಕಿರುಕುಳವಾದರೆ ನಮಗೆ 2012ರ ಪೋಕ್ಸೋ ಕಾಯ್ದೆಯ ರಕ್ಷಣೆ ಇದೆ. ಅದರ 24ನೇ ಸೆಕ್ಷನ್ ಓದಿದಾಗ ನನಗೆ ಆಶ್ಚರ್ಯವಾಯಿತು. ಹೇಳಿಕೆ ಕೊಡಲು ನಾವು ಠಾಣೆಗೇ ಹೋಗಬೇಕೆಂದಿಲ್ಲ; ನಮ್ಮ ಮನೆಯಲ್ಲಿ ಅಥವಾ ನಾವು ಹೇಳಿದ ಜಾಗದಲ್ಲಿ ಅದನ್ನು ಬರೆದುಕೊಳ್ಳಬೇಕು. ಬರುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಸಾಧ್ಯವಾದ ಮಟ್ಟಿಗೆ ಅವರು ಮಹಿಳೆಯಾಗಿರಬೇಕು, ಸಬ್ ಇನ್ಸ್‌ಪೆಕ್ಟರ್‌ಗಿಂತ ಕೆಳಗಿನ ದರ್ಜೆಯವರಾಗಿರಬಾರದು.

'ಸಾಧ್ಯವಾದ ಮಟ್ಟಿಗೆ' ಎಂಬ ಮಾತೇ ನನ್ನನ್ನು ಕಾಡುತ್ತಿದೆ. ಠಾಣೆಯಲ್ಲಿ ಮಹಿಳಾ ಎಸ್‌ಐ ಇಲ್ಲದಿದ್ದರೆ? ಪೊಲೀಸ್ ಕೆಲಸ ಹೆಣ್ಣುಮಕ್ಕಳಿಗೆ ಆಗದು ಎನ್ನುವ ಮನೆಯವರೇ, ತಮ್ಮ ಮಗಳು ಹೇಳಿಕೆ ಕೊಡುವ ದಿನ ಬಂದರೆ ಹೆಣ್ಣು ಅಧಿಕಾರಿಯೇ ಬೇಕು ಎನ್ನುತ್ತಾರೆ. ಆಕೆ ಯಾರ ಮನೆಯಿಂದ ಬರಬೇಕು? 2017ರಲ್ಲಿ ನೀಲಮಣಿ ರಾಜು ಕರ್ನಾಟಕದ ಮೊದಲ ಮಹಿಳಾ ಡಿಜಿಪಿಯಾದರು. ಅದು ಹೆಮ್ಮೆಯೇ. ಆದರೆ ನಮಗೆ ತುರ್ತಾಗಿ ಬೇಕಾದದ್ದು ನಮ್ಮೂರ ಠಾಣೆಯ ಎಸ್‌ಐ. ಡಿಗ್ರಿ ಮುಗಿಸಿದರೆ ಆ ಪರೀಕ್ಷೆ ನಾವೂ ಬರೆಯಬಹುದು.

ಕರಿಯರ್ ಗೈಡೆನ್ಸ್ ಎಂದರೆ ಡಾಕ್ಟರ್, ಎಂಜಿನಿಯರ್, ಸಿಎ ಎಂದಾಗಿಬಿಟ್ಟಿದೆ. ಈ ಸಲ ಒಬ್ಬ ಮಹಿಳಾ ಎಸ್‌ಐಯನ್ನು ಕರೆಸಿ ಎಂದು ಉಪನ್ಯಾಸಕರಲ್ಲಿ ನನ್ನ ವಿನಂತಿ. ಹೆತ್ತವರನ್ನೂ ಕರೆಯಿರಿ. ಹುಡುಗರನ್ನು ಮುಂದಿನ ಸಾಲಿನಲ್ಲೇ ಕೂರಿಸಿ.